ಮೊಳಗದ ಗಂಟೆ, ಕದಲದ ಮಂಚ: ‘ಸ್ಪೆಕಲ್ಡ್ ಬ್ಯಾಂಡ್’ ಬಾನುಲಿ ನಾಟಕ ಕಟ್ಟಿದ ದಾಖಲೆ

ಷರ್ಲಾಕ್ ಹೋಮ್ಸ್ ಕಥೆಗಳ ಮೊದಲ ರೇಡಿಯೊ ಸರಣಿ ಶುರುವಾದದ್ದು 1930ರ ಅಕ್ಟೋಬರ್ 20ರಂದು, ಅಮೆರಿಕದ ಎನ್‌ಬಿಸಿಯಲ್ಲಿ. ಅವತ್ತು ಆರಿಸಿಕೊಂಡ ಕಥೆ ‘ದಿ ಅಡ್ವೆಂಚರ್ ಆಫ್ ದಿ ಸ್ಪೆಕಲ್ಡ್ ಬ್ಯಾಂಡ್’. ರೂಪಾಂತರ ಈಡಿತ್ ಮೈಸರ್ ಅವರದು, ಹೋಮ್ಸ್ ಪಾತ್ರ 77 ವರ್ಷದ ವಿಲಿಯಂ ಜಿಲೆಟ್ ಅವರದು. ಆರ್ಥರ್ ಕಾನನ್ ಡಾಯ್ಲ್ ಬರೆದ ಈ ಕಥೆ 1892ರ ಫೆಬ್ರವರಿಯ ‘ಸ್ಟ್ರ್ಯಾಂಡ್’ ಮಾಸಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಗಿನ್ನೂ ರೇಡಿಯೊ ಇರಲಿಲ್ಲ, ಆದರೂ ಕಿವಿಗೆಂದೇ ಬರೆದಂತಿದೆ. ನಡುರಾತ್ರಿಯ ಶಿಳ್ಳೆ, ಅದರ ಹಿಂದೆಯೇ ಲೋಹ ಬಿದ್ದಂಥ ಸದ್ದು: ನೆರವು ಬೇಡಿ ಬರುವ ಹೆಲೆನ್ ಸ್ಟೋನರ್, ಹೋಮ್ಸ್ ಇರುವ ಬೇಕರ್ ಸ್ಟ್ರೀಟಿಗೆ ಹೊತ್ತು ತರುವುದು ಹೆಚ್ಚಾಗಿ ಕಿವಿಯ ಸಾಕ್ಷಿಯನ್ನೇ. ಅದನ್ನು 28 ನಿಮಿಷದ ಕನ್ನಡ ನಾಟಕವಾಗಿ ಕಟ್ಟಿದ ಕೆಲಸದ ವಿವರ ಇಲ್ಲಿದೆ. ಗುಟ್ಟೆಲ್ಲ ಬಯಲಾಗುತ್ತದೆ, ಕಥೆ ಓದಿಲ್ಲದವರು ಮೊದಲು ಅದನ್ನು ಓದಿ ಬನ್ನಿ.

ಮೂಲ ಕಥೆಯ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ. ಕನ್ನಡ ಅನುವಾದಗಳ ಹಕ್ಕು ಬೇರೆ. ಇಂಗ್ಲಿಷ್ ಮೂಲವನ್ನು ಮುಂದಿಟ್ಟುಕೊಂಡೇ ಬರೆಯಿರಿ, ಅನುವಾದಗಳಿಂದ ಒಂದು ಸಾಲನ್ನೂ ಎತ್ತಬೇಡಿ.

ಸ್ಕ್ರಿಪ್ಟ್

ಮೂಲ ಸುಮಾರು 10,000 ಇಂಗ್ಲಿಷ್ ಪದಗಳಷ್ಟಿದೆ. ಕನ್ನಡ ಪದಗಳು ಉದ್ದ, ನಡುವೆ ಸದ್ದು ಮೌನಗಳಿಗೂ ಜಾಗ ಬೇಕು. ನಿಮಿಷಕ್ಕೆ 100 ಪದ ಎಂದು ಹಿಡಿದು 2,800 ಪದಗಳಿಗೆ ನಿಲ್ಲಿಸಿದೆವು. ಹಂಚಿಕೆ ಹೀಗೆ: ಬೇಕರ್ ಸ್ಟ್ರೀಟಿನಲ್ಲಿ ಹೆಲೆನ್ ಹೇಳಿಕೆ 8 ನಿಮಿಷ (ಅದರೊಳಗೇ ಜೂಲಿಯಾ ಸಾಯುವ ರಾತ್ರಿ), ಅವಳ ಮಲತಂದೆ ಡಾಕ್ಟರ್ ರಾಯ್ಲಾಟ್ ನುಗ್ಗಿ ಬರುವುದು 2, ರೈಲು ಮತ್ತು ಗಾಡಿ 3, ರಾಯ್ಲಾಟನ ಸ್ಟೋಕ್ ಮೊರಾನ್ ಮನೆಯ ತಪಾಸಣೆ 6, ಕತ್ತಲೆಯ ಕಾವಲು 6, ಕೊನೆ 3. ಧ್ವನಿಗಳು ಐದು: ಹೋಮ್ಸ್, ಅವನ ಗೆಳೆಯನೂ ಕಥೆಯ ನಿರೂಪಕನೂ ಆದ ವಾಟ್ಸನ್, ಹೆಲೆನ್, ಜೂಲಿಯಾ, ರಾಯ್ಲಾಟ್. ಹೆಲೆನ್ ಮತ್ತು ಜೂಲಿಯಾ ಅವಳಿಗಳು. ಅವಳಿ ಅಂತ ಒಂದೇ ತೆರನ ಕಂಠ ಆರಿಸಿದರೆ ಕೇಳುವವರಿಗೆ ಸತ್ತವಳು ಯಾರು, ಬದುಕಿದವಳು ಯಾರು ಎಂದೇ ಹೊಳೆಯುವುದಿಲ್ಲ. ಜೂಲಿಯಾಗೆ ತುಸು ಭಾರದ ಕಂಠ ಇರಲಿ.

ಮೊದಲ ಕಗ್ಗಂಟು ಹೆಸರಿನಲ್ಲೇ ಇದೆ, ಸಾಯುವಾಗ ಜೂಲಿಯಾ ಕೂಗುವುದೂ ಅದನ್ನೇ. ‘ಬ್ಯಾಂಡ್’ ಅಂದರೆ ಇಂಗ್ಲಿಷಿನಲ್ಲಿ ಪಟ್ಟಿಯೂ ಹೌದು, ಗುಂಪೂ ಹೌದು. ಹಿತ್ತಲಲ್ಲಿ ಬಿಡಾರ ಹೂಡಿದ ಜಿಪ್ಸಿಗಳ ಮೇಲೆ ಅನುಮಾನ ಹೋಗುವುದು ಆ ಎರಡನೇ ಅರ್ಥದಿಂದ. ಎರಡೂ ಅರ್ಥ ಹೊರುವ ಕನ್ನಡ ಪದ ಸಿಗಲಿಲ್ಲ. ಮೊದಲ ಕರಡಿನಲ್ಲಿ ‘ಚುಕ್ಕೆ ಪಟ್ಟೆ’ ಎಂದಿತ್ತು. ಪಟ್ಟೆ ಎಂದ ಕೂಡಲೇ ನಮ್ಮ ಕಿವಿಗೆ ಹುಲಿಯೋ ಹಾವೋ ಬಂದುಬಿಡುತ್ತದೆ, ಐದನೇ ನಿಮಿಷಕ್ಕೇ ಗುಟ್ಟು ಹೋಯಿತು. ‘ಚುಕ್ಕೆ ಪಟ್ಟಿ’ ಎಂದು ತಿದ್ದಿದಾಗ ಅದು ಬಟ್ಟೆಯ ಕಡೆ ವಾಲಿತು. ಜಿಪ್ಸಿಗಳು ತಲೆಗೆ ಚುಕ್ಕೆಯ ಕರವಸ್ತ್ರ ಕಟ್ಟುತ್ತಿದ್ದರು ಎಂಬ ಮಾತು ಮೂಲದಲ್ಲೇ ಇದೆ, ಅದನ್ನೇ ಮುಂದೆ ತಂದು ‘ತಲೆಪಟ್ಟಿ’ ಎಂದು ಒಮ್ಮೆ ಹೇಳಿಸಿದರೆ ಅನುಮಾನ ಸರಿಯಾದ ತಪ್ಪು ದಾರಿ ಹಿಡಿಯುತ್ತದೆ. ಜಿಪ್ಸಿ ಎಂಬ ಪದವನ್ನು ಹಾಗೇ ಬಿಟ್ಟಿದ್ದೇವೆ. ಅದರ ಬದಲು ನಮ್ಮ ನಾಡಿನ ಯಾವುದೋ ಅಲೆಮಾರಿ ಸಮುದಾಯದ ಹೆಸರು ಹಾಕುವುದು ತಪ್ಪು, ಆ ಜನಕ್ಕೂ ಅನ್ಯಾಯ.

ಹೋಮ್ಸ್ ಮತ್ತು ವಾಟ್ಸನ್ ಪರಸ್ಪರ ‘ನೀವು’ ಎನ್ನುತ್ತಾರೆ, ಕರೆಯುವುದು ಬರೀ ಹೆಸರಿನಿಂದ. ಹೆಲೆನ್‌ಗೂ ಅದೇ ಬಹುವಚನ. ಹೀಗೆ ಎಲ್ಲರೂ ‘ನೀವು’ ಎನ್ನುವ ಕೋಣೆಗೆ ರಾಯ್ಲಾಟ್ ನುಗ್ಗಿ “ಏಯ್, ನೀನ್ ಯಾರು ಅಂತ ನಂಗೊತ್ತು. ಎಲ್ಲಾದ್ರಲ್ಲೂ ಮೂಗು ತೂರಿಸೋ ಹೋಮ್ಸ್!” ಎಂದಾಗ ಆ ಒಂದು ‘ನೀನ್’ ಸಾಕು, ಬೈಗುಳದ ಉದ್ದ ಪಟ್ಟಿ ಬೇಡ. ಅವನು ಸಲಾಕೆ ಬಗ್ಗಿಸುವುದಕ್ಕೆ ಸದ್ದಿಲ್ಲ, ಕಬ್ಬಿಣ ಬಗ್ಗುವಾಗ ಹೆಚ್ಚು ಕೂಗುವುದಿಲ್ಲ. ಹಲ್ಲು ಕಚ್ಚಿದ ಉಸಿರು, ಆಮೇಲೆ ಅಗ್ಗಿಷ್ಟಿಕೆಗೆ ಎಸೆದ ಸಲಾಕೆಯ ಠಣತ್ಕಾರ, ಇಷ್ಟೇ ಬಳಸಿದೆವು.

ಇಲ್ಲದ ಸದ್ದನ್ನು ಕೇಳಿಸುವುದು

ಕಥೆಯ ಜೀವ ತಪಾಸಣೆಯ ದೃಶ್ಯದಲ್ಲಿದೆ. ಅಲ್ಲಿರುವ ಮೂರು ಸುಳಿವೂ ಆಗಬೇಕಾದದ್ದು ಆಗದೇ ಹೋದದ್ದು: ಎಳೆದರೂ ಗಂಟೆ ಮೊಳಗದ ಹಗ್ಗ, ಹೊರಗಿನ ಗಾಳಿ ತಾರದ ಗಾಳಿಕಿಂಡಿ, ನೂಕಿದರೂ ಕದಲದ ಮಂಚ. ಪುಸ್ತಕದಲ್ಲಿ ಓದುಗನಿಗೆ ಒಂದು ವಾಕ್ಯ ಸಾಕು. ಬಾನುಲಿಯಲ್ಲಿ ಆಗದ ಸದ್ದು ಬರೀ ಖಾಲಿ ಜಾಗ. ಮೊದಲ ಜೋಡಣೆಯಲ್ಲಿ ಹೋಮ್ಸ್ ಹಗ್ಗ ಎಳೆದ, ಮೌನ ಬಂತು, ಕೇಳಿದವರು “ಇಲ್ಲಿ ಸೌಂಡ್ ಬಿಟ್ಟುಹೋಗಿದೆ” ಎಂದು ಗುರುತು ಹಾಕಿ ಕಳಿಸಿದರು.

ಪರಿಹಾರ ಜೋಡಿ ಕಟ್ಟುವುದು. ಮೊದಲು ಸದ್ದು ಮಾಡುವ ವಸ್ತು, ಆಮೇಲೆ ಅದೇ ಬಗೆಯ ಮೂಕ ವಸ್ತು. ಬೇಕರ್ ಸ್ಟ್ರೀಟಿನ ಮೊದಲ ದೃಶ್ಯದಲ್ಲೇ ಹೋಮ್ಸ್ ಕಾಫಿ ತರಿಸಲು ಗಂಟೆಯ ಹಗ್ಗ ಎಳೆಯುತ್ತಾನೆ: ಹಗ್ಗದ ಕಿರುಗುಟ್ಟು, ಅರ್ಧ ಸೆಕೆಂಡ್ ಬಿಟ್ಟು ಕೆಳಮನೆಯಿಂದ ‘ಕಿಣಿಕಿಣಿ’. ಹನ್ನೆರಡು ನಿಮಿಷದ ಮೇಲೆ ಸ್ಟೋಕ್ ಮೊರಾನಿನಲ್ಲಿ ಅದೇ ಕಿರುಗುಟ್ಟು, ಅದೇ ರೆಕಾರ್ಡಿಂಗ್. ಒಂದೂವರೆ ಸೆಕೆಂಡ್ ಏನೂ ಇಲ್ಲ. ಇನ್ನೊಮ್ಮೆ ಜೋರಾಗಿ ಎಳೆತ. ಮತ್ತೆ ಏನೂ ಇಲ್ಲ. ಆಮೇಲೆ ಹೋಮ್ಸ್: “ಇದು ಬರೀ ತೋರಿಕೆ ಹಗ್ಗ.” ಒಂದೇ ಎಳೆತ ಸಾಲದು, ಕಿವಿ ಕಾಯಲು ಕಲಿಯುವುದು ಎರಡನೆಯದರಲ್ಲಿ. ಮೌನವೂ ಸತ್ತ ಮೌನವಾಗಿರಬಾರದು. ಕೋಣೆಯ ಸುಮ್ಮನಿರುವ ಸದ್ದನ್ನು 60 ಸೆಕೆಂಡ್ ಬೇರೆಯಾಗಿ ಹಿಡಿದು ಅಡಿಗೆ ಹಾಸಿದರೆ ‘ಬಿಟ್ಟುಹೋಗಿದೆ’ ಎಂಬ ಗುಮಾನಿ ಹೋಗುತ್ತದೆ.

ಮಂಚಕ್ಕೂ ಇದೇ ದಾರಿ. ಹೋಮ್ಸ್ ಮೊದಲು ಕುರ್ಚಿ ಎಳೆಯುತ್ತಾನೆ, ಮರದ ನೆಲದ ಮೇಲೆ ‘ಕರ್‌ರ್’. ಆಮೇಲೆ ಮಂಚ ನೂಕುತ್ತಾನೆ: ಬಟ್ಟೆಯ ಸರಬರ, ಉಸಿರಿನ ಒತ್ತಡ, ನೆಲದಿಂದ ಏನೂ ಇಲ್ಲ. ಮೊಸಾಯಿಕ್ ಅಥವಾ ಟೈಲ್ಸ್ ನೆಲದಲ್ಲಿ ಕುರ್ಚಿ ಎಳೆದರೆ ಕೀರಲು ಸದ್ದು ಬರುತ್ತದೆ. 4 ಅಡಿಗೆ 3 ಅಡಿಯ ಹಳೆ ಪ್ಲೈವುಡ್ ಹಲಗೆಯನ್ನು ಎರಡು ರೀಪರ್ ಪಟ್ಟಿಗಳ ಮೇಲಿಟ್ಟು ಅದರ ಮೇಲೆ ಎಳೆದೆವು, ಕೆಳಗಿನ ಟೊಳ್ಳಿನಿಂದ ಮರದ ನೆಲದ ಗುಣ ಬಂತು.

ಗಾಳಿಕಿಂಡಿ: 4 ಇಂಚಿನ ಪಿವಿಸಿ ಪೈಪು

ಗಾಳಿಕಿಂಡಿ ಹೊರಗೆ ತೆರೆಯುವುದಿಲ್ಲ, ರಾಯ್ಲಾಟನ ಕೋಣೆಗೆ ತೆರೆಯುತ್ತದೆ. ಅಲ್ಲಿಂದ ಬಂದ ಚುಟ್ಟಾ ವಾಸನೆಗೆ ಜೂಲಿಯಾಗೆ ನಿದ್ದೆ ಬರುವುದಿಲ್ಲ ಎಂಬುದು ಮೂಲದ ಸುಳಿವು. ವಾಸನೆಗೆ ಬಾನುಲಿಯಲ್ಲಿ ದಾರಿಯಿಲ್ಲವಾದ್ದರಿಂದ ಅವಳ ಮಾತಿನ ಅಡಿಯಲ್ಲಿ ಕಿಂಡಿಯ ಮೂಲಕ ಒಂದು ಸಣ್ಣ ಕೆಮ್ಮು ಸೇರಿಸಿದೆವು. ಹಾಗಾಗಿ ಕಿಂಡಿಯ ‘ದನಿ’ ಮೊದಲಿಂದ ಕೊನೆವರೆಗೆ ಒಂದೇ ಆಗಿರಬೇಕು.

ಫಿಲ್ಟರ್ ಹಾಕಿ 1,200 ಹರ್ಟ್ಸ್ ಮೇಲಿನದನ್ನು ಕತ್ತರಿಸಿದರೆ ಗೋಡೆಯಾಚೆಯ ಸದ್ದಾಗುತ್ತದೆ, ಕಿಂಡಿಯದ್ದಲ್ಲ. ಕಿಂಡಿಗೆ ಕೊಳವೆಯ ಅನುರಣನ ಬೇಕು. ಒಂದು ಮೀಟರ್ ಉದ್ದದ 4 ಇಂಚಿನ ಪೈಪಿನ ಒಂದು ತುದಿಗೆ ಸಣ್ಣ ಬ್ಲೂಟೂತ್ ಸ್ಪೀಕರ್, ಇನ್ನೊಂದು ತುದಿಯಿಂದ 20 ಸೆಂ.ಮೀ. ದೂರದಲ್ಲಿ ಮೈಕ್. ಸ್ಪೀಕರಿನಲ್ಲಿ ಕೆಮ್ಮು, ಶಿಳ್ಳೆ ನುಡಿಸಿ ಮರುರೆಕಾರ್ಡ್ ಮಾಡುವುದು.

ಮೊದಲ ಸಲ ಕೆಮ್ಮು ಶಂಖದೊಳಗೆ ಕೆಮ್ಮಿದಂತಾಯಿತು. ಕಾರಣ ಲೆಕ್ಕದಲ್ಲೇ ಸಿಗುತ್ತದೆ. ಎರಡೂ ಕಡೆ ತೆರೆದ ಒಂದು ಮೀಟರ್ ಕೊಳವೆ ಸುಮಾರು 160 ಹರ್ಟ್ಸಿನಲ್ಲಿ, ಅದರ ಎರಡರಷ್ಟು ಮೂರರಷ್ಟರಲ್ಲಿ ಮೊಳಗುತ್ತದೆ. ಗಂಡಸಿನ ಕಂಠದ ತಳ ಬೀಳುವುದೂ ಅಲ್ಲೇ. ಪೈಪನ್ನು 40 ಸೆಂ.ಮೀ.ಗೆ ಕತ್ತರಿಸಿದಾಗ ಮೊದಲ ಅನುರಣನ 370ರ ಆಸುಪಾಸಿಗೆ ಏರಿತು. ಒಳಗೆ ಒಂದು ಹಳೆ ಬನಿಯನ್ ಸಡಿಲವಾಗಿ ತುರುಕಿದ ಮೇಲೆ ಮೊಳಗು ತಗ್ಗಿತು. ಬಿಗಿಯಾಗಿ ತುರುಕಬೇಡಿ, ಮೇಲಿನ ಸ್ವರಗಳೂ ಸತ್ತು ಮತ್ತೆ ಗೋಡೆಯ ಸದ್ದೇ ಆಗುತ್ತದೆ. ಸ್ಪೀಕರ್ ಪೈಪಿಗೆ ತಾಗಿದ್ದರೆ ಪ್ಲಾಸ್ಟಿಕ್ ನಡುಗುವುದು ಕೇಳುತ್ತದೆ, ನಡುವೆ ಒಂದು ಬೆರಳು ಅಂತರ, ಕೆಳಗೆ ಮಡಿಸಿದ ಟವೆಲ್.

ಶಿಳ್ಳೆ ಮತ್ತು ತಿಜೋರಿ

ಶಿಳ್ಳೆ ಒಂದೇ ಇರಬೇಕು. ಜೂಲಿಯಾ ಸತ್ತ ರಾತ್ರಿ ಹೆಲೆನ್ ಓಣಿಯಲ್ಲಿ ಕೇಳಿದ್ದು, ಎರಡು ವರ್ಷದ ಮೇಲೆ ಅದೇ ಕೋಣೆಯಲ್ಲಿ ಮಲಗಿ ಕೇಳಿದ್ದು, ಕೊನೆಯ ರಾತ್ರಿಯದು, ಮೂರಕ್ಕೂ ಒಂದೇ ರೆಕಾರ್ಡಿಂಗ್. ಮೊದಲನೆಯದಕ್ಕೆ ಓಣಿಯ ಪ್ರತಿಧ್ವನಿ, ಉಳಿದೆರಡಕ್ಕೆ ಪೈಪು. ಪ್ರತಿ ಸಲ ಹೊಸದಾಗಿ ಊದಿಸಿದರೆ ಕೇಳುವವರಿಗೆ ಅದು ಬೇರೆ ಬೇರೆ ಮನುಷ್ಯರದ್ದಾಗುತ್ತದೆ. ಕಂಪ್ಯೂಟರಿನಲ್ಲಿ ಸ್ವರ ಹುಟ್ಟಿಸಿ ನೋಡಿದೆವು, ಟೆಲಿಫೋನಿನ ಟೋನ್‌ನಂತೆ ಕೇಳಿತು. ಬಾಯಿಂದಲೇ ಊದಬೇಕು: ಸುಮಾರು 1,000 ಹರ್ಟ್ಸಿನ ತಗ್ಗು ಸ್ವರ, ಒಂದೂವರೆ ಸೆಕೆಂಡ್, ಕೊನೆಯಲ್ಲಿ ತುಸು ಇಳಿತ. ಮೈಕ್ ಬಾಯಿಗೆ ನೇರವಲ್ಲ, 40 ಸೆಂ.ಮೀ. ದೂರದಲ್ಲಿ ಪಕ್ಕಕ್ಕೆ, ಇಲ್ಲವಾದರೆ ಸ್ವರಕ್ಕಿಂತ ಗಾಳಿಯೇ ಹೆಚ್ಚು ಕೇಳುತ್ತದೆ.

ಹೆಲೆನ್ ಕೇಳಿದ ಲೋಹದ ಸದ್ದು ರಾಯ್ಲಾಟ್ ಹಾವನ್ನಿಡುವ ತಿಜೋರಿಯ ಬಾಗಿಲಿನದು. ಅದಕ್ಕೆ ಎಲ್ಲರ ಕೈ ಮೊದಲು ಹೋಗುವುದು ಮನೆಯ ಬೀರುವಿಗೆ. ಬೀರು ತೆಳು ಶೀಟಿನದು, ಅದರ ಸದ್ದನ್ನು ಕನ್ನಡದ ಕಿವಿ ನಿದ್ದೆಯಲ್ಲೂ ಗುರುತಿಸುತ್ತದೆ. ಬದಲಿಗೆ ಮೂರು ಪದರ ಸೇರಿಸಿದೆವು. ಮಡಿಸಿದ ಗೋಣಿಚೀಲದ ಮೇಲಿಟ್ಟ ಕಬ್ಬಿಣದ ತವಾಕ್ಕೆ 5 ಕೆಜಿ ತೂಕದ ಬಟ್ಟನ್ನು ಒಂದು ಗೇಣು ಎತ್ತರದಿಂದ ಬಿಡುವುದು. ಹಗ್ಗದಲ್ಲಿ ತೂಗುಹಾಕಿದ ಹಾರೆಗೆ ಸುತ್ತಿಗೆಯ ಒಂದು ಮೆಲ್ಲನೆ ಏಟು. ಬಾಗಿಲ ಚಿಲಕದ ‘ಕ್ಲಿಕ್’. ಮೊದಲೆರಡನ್ನು 96 ಕಿಲೋಹರ್ಟ್ಸ್ ಸ್ಯಾಂಪಲ್ ದರದಲ್ಲಿ ಹಿಡಿದು ಐದು ಅರ್ಧಸ್ವರ ಕೆಳಗಿಳಿಸಿದೆವು. ಮೈಕ್ ಮೇಲಿನ ಸ್ವರಗಳನ್ನು ಹಿಡಿದಿದ್ದರೆ, ಇಳಿಸಿದ ಮೇಲೂ ಮೊನಚು ಉಳಿಯುತ್ತದೆ.

ಈ ಸದ್ದು ನಾಟಕದಲ್ಲಿ ಎರಡೇ ಸಲ ಬರುತ್ತದೆ. ಮೊದಲು ಹೆಲೆನ್‌ಳ ನೆನಪಿನಲ್ಲಿ, ಶಿಳ್ಳೆಯಾದ ಕೆಲ ಕ್ಷಣಕ್ಕೆ. ಕೊನೆಗೆ ಹೋಮ್ಸ್ ಹಾವನ್ನು ತಿಜೋರಿಗೆ ಎಸೆದು ಬಾಗಿಲು ಮುಚ್ಚಿದಾಗ. ನಡುವೆ ತಪಾಸಣೆಯಲ್ಲಿ ಅವನು ತಿಜೋರಿಯನ್ನು ಬೆರಳಿಂದ ತಟ್ಟುತ್ತಾನಷ್ಟೆ, ‘ಟಕ್ ಟಕ್’, ಒಳಗೆ ಕಾಗದಪತ್ರ ಇದೆ ಎನ್ನುತ್ತಾಳೆ ಹೆಲೆನ್. ಅಲ್ಲೇ ಬಾಗಿಲು ತೆಗೆಸಿ ಮುಚ್ಚಿಸಬೇಕು ಎಂಬ ಆಸೆ ಹುಟ್ಟುತ್ತದೆ. ಬೇಡ, ಕೊನೆಯ ಸದ್ದಿನ ಬಲ ಹೋಗುತ್ತದೆ.

ಕತ್ತಲೆಯ ಆರು ನಿಮಿಷ

ಇಲ್ಲಿ ಕೆಲಸ ನಿಜವಾಗಿ ಕಷ್ಟ. ಹೋಮ್ಸ್, ವಾಟ್ಸನ್ ಇಬ್ಬರೂ ಆ ಕೋಣೆಯಲ್ಲಿ ದೀಪವಿಲ್ಲದೆ ಕಾದು ಕೂತಿದ್ದಾರೆ. ಹೋಮ್ಸ್ ಮೊದಲೇ ಎಚ್ಚರಿಸಿದ್ದಾನೆ, ಚಿಕ್ಕ ಸದ್ದಾದರೂ ಕೆಲಸ ಕೆಟ್ಟಿತು ಎಂದು. ಪಾತ್ರಗಳು ಪಿಸುಗುಟ್ಟುವಂತೆಯೂ ಇಲ್ಲ. ಉಳಿಯುವುದು ವಾಟ್ಸನನ ನಿರೂಪಣೆ ಒಂದೇ. ಅದನ್ನು ಮೈಕಿಗೆ 8 ಸೆಂ.ಮೀ. ಹತ್ತಿರದಲ್ಲಿ, ಪಿಸುಮಾತಲ್ಲದೆ ತಗ್ಗಿದ ದನಿಯಲ್ಲಿ ಓದಿಸಿದೆವು. ಪಿಸುಗುಟ್ಟಿದರೆ ಅವನು ಕೋಣೆಯೊಳಗೇ ಮಾತಾಡುತ್ತಿದ್ದಾನೆ ಎಂದಾಗುತ್ತದೆ.

ಮೂಲದಲ್ಲಿ ಊರ ಗಡಿಯಾರ ಕಾಲು ಗಂಟೆಗೊಮ್ಮೆ ಬಾರಿಸುತ್ತದೆ. ಹನ್ನೆರಡು ಹೊಡೆತ, ನಡುವೆ ಎರಡೂವರೆ ಸೆಕೆಂಡಿನಂತೆ, ಅರ್ಧ ನಿಮಿಷ ನುಂಗುತ್ತದೆ. ಕೊನೆಯ ಮೂರು ಹೊಡೆತದಿಂದ ಶುರುಮಾಡಿ, ‘ಹನ್ನೆರಡು’ ಎಂದು ವಾಟ್ಸನ್ ಹೇಳಲಿ. ಒಂದು, ಎರಡು, ಮೂರನ್ನು ಪೂರ್ತಿ ಕೇಳಿಸಬಹುದು. ದೇವಸ್ಥಾನದ ಗಂಟೆಯನ್ನು ಏಳು ಅರ್ಧಸ್ವರ ಇಳಿಸಿ, ಮೇಲಿನ ಸ್ವರ ಕತ್ತರಿಸಿದರೆ ದೂರದ ಚರ್ಚಿನದಾಗಿ ನಿಲ್ಲುತ್ತದೆ. ನಾಲಗೆ ಒಮ್ಮೆ ಮಾತ್ರ ತಾಗಬೇಕು, ಮಂಗಳಾರತಿಯ ಎಡೆಬಿಡದ ಬಡಿತ ಬಂದರೆ ಕಥೆ ನಡೆಯುವ ಇಂಗ್ಲೆಂಡಿನ ಸರ್ರೆ ಪ್ರಾಂತ್ಯ ಮಾಯವಾಗಿ ನಮ್ಮೂರೇ ಕಣ್ಣಿಗೆ ಬರುತ್ತದೆ.

ರಾಯ್ಲಾಟ್ ಲಾಟೀನು ಹಚ್ಚಿದ್ದು ಮೂಲದಲ್ಲಿ ಕ್ಷಣದ ಬೆಳಕು, ಸುಟ್ಟ ಎಣ್ಣೆಯ ವಾಸನೆ. ಎರಡೂ ಕಿವಿಗೆ ಎಟುಕವು. ತಗಡಿನ ಮುಚ್ಚಳ ಸರಿಸುವ ಸಣ್ಣ ಸದ್ದನ್ನು ಪೈಪಿನಿಂದ ಕೇಳಿಸಿ, ವಾಸನೆಯನ್ನು ವಾಟ್ಸನನಿಗೆ ಬಿಟ್ಟೆವು. ಮುಚ್ಚಳಕ್ಕೆ ಒಳ್ಳೆಯ ವಸ್ತು ಹಳೆಯ ಜಾಮಿಟ್ರಿ ಬಾಕ್ಸ್.

ಆಮೇಲೆ ಹಾವಿನ ಸದ್ದು. ಕೆಟಲ್ಲಿನಿಂದ ಸಣ್ಣಗೆ ಹಬೆ ಹೊರಡುವ ಹಾಗೆ ಎನ್ನುತ್ತದೆ ಕಥೆ. ಕೆಟ್ಟದ್ದೇನೆಂದರೆ ಮೈಕಿನ ಸದ್ದನ್ನು ಹಿಗ್ಗಿಸುವ ಪ್ರಿ-ಆಂಪ್ ‘ಸುಯ್’ ಎನ್ನುವುದೂ ಹೀಗೇ. ಇಡೀ ದೃಶ್ಯಕ್ಕೆ ನಾಯ್ಸ್ ರಿಡಕ್ಷನ್ ಹಾಕಿದಾಗ ಸಾಫ್ಟ್‌ವೇರ್ ಹಾವನ್ನೇ ಗದ್ದಲವೆಂದು ಅಳಿಸಿಹಾಕಿತು. ಕ್ರಮ ಮುಖ್ಯ: ನಿರೂಪಣೆ ಮತ್ತು ಕೋಣೆಯ ಸದ್ದನ್ನು ಮೊದಲು ಬೇರೆಬೇರೆ ಶುಚಿ ಮಾಡಿ ಮುಗಿಸಿ, ಹಾವನ್ನು ಆಮೇಲೆ ಬೇರೆ ಟ್ರ್ಯಾಕಿನಲ್ಲಿ ತನ್ನಿ. ಇನ್ನೊಂದು ತೊಡಕು ಜೀರುಂಡೆ. ನಮ್ಮಲ್ಲಿ ರಾತ್ರಿ ರೆಕಾರ್ಡ್ ಮಾಡಿದರೆ ಜೀರುಂಡೆಯ ಕೂಗು ಕೂರುವುದು 4ರಿಂದ 8 ಕಿಲೋಹರ್ಟ್ಸ್ ನಡುವೆ, ಹಾವಿನ ಜಾಗದಲ್ಲೇ. ಏಪ್ರಿಲಿನ ಸರ್ರೆಯ ರಾತ್ರಿಗೆ ಜೀರುಂಡೆ ಹೊಂದುವುದೂ ಇಲ್ಲ. ಕಿಟಕಿ ಮುಚ್ಚಿ, ನಾಲ್ಕು ಕಂಬಳಿ ಇಳಿಬಿಟ್ಟು, ಮಟಮಟ ಮಧ್ಯಾಹ್ನ ಹಿಡಿದದ್ದೇ ಉಳಿಯಿತು. ಫ್ಯಾನ್, ಫ್ರಿಜ್ ಎರಡೂ ಆರಿಸಿ. ಗಾಡಿ ಕೀಯನ್ನು ಫ್ರಿಜ್ಜಿನೊಳಗಿಟ್ಟರೆ ಹೊರಡುವಾಗ ಮತ್ತೆ ಹಾಕಲು ಮರೆಯುವುದಿಲ್ಲ.

ಹಾವಿನ ಸದ್ದಿಗೆ ಕುಕ್ಕರ್ ಕೂಡದು. ಎಷ್ಟು ಮರೆಮಾಚಿದರೂ ‘ಇನ್ನೇನು ವಿಷಲ್ ಬರುತ್ತೆ’ ಎಂದು ಮನೆಮಂದಿಯೆಲ್ಲ ಕಾಯುತ್ತಾರೆ. ಸೈಕಲ್ ಟ್ಯೂಬಿನ ವಾಲ್ವಿಗೆ ಒದ್ದೆ ಹತ್ತಿಬಟ್ಟೆ ಸುತ್ತಿ, ಉಗುರಿನಿಂದ ಪಿನ್ ಒತ್ತಿ ಮೆಲ್ಲಗೆ ಗಾಳಿ ಬಿಟ್ಟೆವು. ಬೆರಳು ತಾನಾಗಿ ನಡುಗುವುದರಿಂದ ಏರಿಳಿತ ಬರುತ್ತದೆ, ಅದೇ ಜೀವದ ಲಕ್ಷಣ. ಎಡದಿಂದ ಬಲಕ್ಕೆ ಸರಿಸಬೇಡಿ. ಹಾವು ಹಗ್ಗದಲ್ಲಿ ಮೇಲಿಂದ ಕೆಳಗೆ ಬರುತ್ತಿದೆ, ಹಾಗಾಗಿ ಹತ್ತಿರವಾದಂತೆ ಮೇಲಿನ ಸ್ವರ ಹೆಚ್ಚಿಸುವುದೇ ಸರಿ.

ಮುಂದಿನ ಎರಡು ಸೆಕೆಂಡನ್ನು ಹಲವು ಸಲ ಬಿಚ್ಚಿ ಕಟ್ಟಬೇಕಾಯಿತು. ಹೋಮ್ಸ್ ಜಿಗಿಯುತ್ತಾನೆ, ಕಡ್ಡಿ ಗೀರುತ್ತಾನೆ, ಬೆತ್ತದಿಂದ ಹಗ್ಗಕ್ಕೆ ಬಾರಿಸುತ್ತಾನೆ, ಕಡ್ಡಿ ಗೀರಿದ ಕ್ಷಣಕ್ಕೇ ಶಿಳ್ಳೆ ಕೇಳುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಶಿಳ್ಳೆ ಬೆತ್ತದಡಿ ಹೂತುಹೋಯಿತು. ಕಡ್ಡಿಯ ‘ಚರ್‌’ ಮುಗಿದು ಮೊದಲ ಏಟಿಗೆ ಮುಂಚೆ 400 ಮಿಲಿಸೆಕೆಂಡ್ ಬಿಡುವು ಕೊಟ್ಟು, ಶಿಳ್ಳೆಯ ಆರಂಭವನ್ನು ಅಲ್ಲಿ ಕೂರಿಸಿದ ಮೇಲೆ ಎಲ್ಲವೂ ಬಿಡಿಬಿಡಿಯಾಗಿ ಕೇಳಿತು. ಆರು ಏಟು. “ನೋಡಿದ್ರಾ ವಾಟ್ಸನ್? ನೋಡಿದ್ರಾ?” ಆಮೇಲೆ ಪಕ್ಕದ ಕೋಣೆಯ ಚೀರಾಟ. ನಟ ಮೈಕಿನಿಂದ ಒಂದು ಮೀಟರ್ ದೂರ, ಮುಖ ಗೋಡೆಗೆ, ಗೇನ್ (ಮೈಕಿನ ಸದ್ದನ್ನು ಹಿಗ್ಗಿಸುವ ಮಟ್ಟ) 15 ಡೆಸಿಬೆಲ್ (ಡಿಬಿ) ಕಡಿಮೆ.

ಕುದುರೆ, ಚೀತಾ, ಹಾಲು

ಲೆದರ್‌ಹೆಡ್ ಸ್ಟೇಷನ್ನಿನಿಂದ ಬಾಡಿಗೆ ಗಾಡಿಗೆ ಒಂದೇ ಕುದುರೆ. ತೆಂಗಿನ ಚಿಪ್ಪನ್ನು ಜಲ್ಲಿ ಹರಡಿದ ಟ್ರೇಯಲ್ಲಿ ಬಡಿಯಿರಿ. ಕುಕ್ಕುಲೋಟಕ್ಕೆ ಸಮಾನ ಅಂತರದ ಎರಡು ತಾಳ, ಮೂರು ತಾಳ ಬಂದರೆ ಅದು ಇನ್ನೂ ವೇಗದ ಓಟ (ಕ್ಯಾಂಟರ್). ಮೈಸೂರಿನ ಟಾಂಗಾ ರೆಕಾರ್ಡಿಂಗ್ ಕೈಗೆ ಸಿಕ್ಕರೂ ಬಳಸಬೇಡಿ, ಡಾಂಬರಿನ ಮೇಲಿನ ಲಾಳ ಮತ್ತು ಗೆಜ್ಜೆ ಊರನ್ನು ಹೇಳಿಬಿಡುತ್ತವೆ. ರಾಯ್ಲಾಟನ ತೋಟದ ಚೀತಾಕ್ಕೆ ಹುಲಿಯ ಘರ್ಜನೆ ಅಂಟಿಸುವುದು ಸಾಮಾನ್ಯ ತಪ್ಪು. ಚೀತಾ ಘರ್ಜಿಸುವುದಿಲ್ಲ, ಮೂಲದಲ್ಲೂ ಬೆಕ್ಕಿನಂಥ ಉದ್ದನೆಯ ಕೂಗು ಎಂದೇ ಇದೆ.

ಹಾವಿಗೆ ಹಾಲು ಆಹಾರವಲ್ಲ, ಶಿಳ್ಳೆಗೆ ಅದು ಬರುವುದೂ ನಂಬುವಂಥದ್ದಲ್ಲ, ಭಾರತದಿಂದ ಬಂತೆನ್ನುವ ಬಬೂನ್ ಆಫ್ರಿಕಾ ಮತ್ತು ಅರೇಬಿಯಾದ್ದು, ‘ಜವುಗು ಮಂಡಲ’ ಎಂಬ ಭಾರತೀಯ ಹಾವು ಯಾವ ಪಟ್ಟಿಯಲ್ಲೂ ಇಲ್ಲ. ಇವನ್ನು ತಿದ್ದಲು ಹೋಗಲಿಲ್ಲ, ತಿದ್ದಿದರೆ ಕಥೆ ನಿಲ್ಲುವುದಿಲ್ಲ. 1910ರಲ್ಲಿ ಇದೇ ಕಥೆ ಲಂಡನ್ನಿನ ರಂಗಕ್ಕೆ ಬಂದಾಗ ಡಾಯ್ಲ್ ನಿಜವಾದ ಹಾವನ್ನೇ ತಂದಿದ್ದರು. ಒಬ್ಬ ವಿಮರ್ಶಕ ಅದನ್ನು ಕೃತಕ ಹಾವೆಂದು ಬರೆದನೆಂದು ಅವರೇ ನೊಂದು ದಾಖಲಿಸಿದ್ದಾರೆ. ಸೈಕಲ್ ಟ್ಯೂಬಿನ ಹಾವಿಗೆ ಆ ಅಪವಾದ ಬರಲಿಲ್ಲ.

ಮಿಕ್ಸ್

ಮಾತನ್ನೆಲ್ಲ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಶಿಖರ (ಅತಿ ಜೋರಿನ ಕ್ಷಣ) ಮೈನಸ್ 12 ಡಿಬಿ ದಾಟದಂತೆ ಹಿಡಿಯಿರಿ. ಸಾಯುವ ಜೂಲಿಯಾಳ ‘ಪಟ್ಟಿ’ಯ ‘ಪ’ ಮೈಕಿಗೆ ಗುದ್ದುತ್ತದೆ, ಮೈಕನ್ನು ಬಾಯಿಂದ 30 ಡಿಗ್ರಿ ಓರೆ ಮಾಡಿದರೆ ಸರಿಹೋಗುತ್ತದೆ. ಸ್ಟೀರಿಯೊ ಪ್ರತಿಗೆ ಮೈನಸ್ 16 ಎಲ್‌ಯುಎಫ್‌ಎಸ್ (ಒಟ್ಟಾರೆ ಎಷ್ಟು ಜೋರು ಎಂದು ಅಳೆಯುವ ಮಾನ), ಶಿಖರ ಮೈನಸ್ 1.

ಫೋನ್ ಸ್ಪೀಕರಿನಲ್ಲಿ ಕೇಳಿದಾಗ ಎರಡು ದೋಷ ಸಿಕ್ಕವು. ಕಾವಲಿನ ಕೋಣೆಯ ಸದ್ದು ಮೈನಸ್ 48ರಲ್ಲಿತ್ತು, ಬಸ್ಸಿನಲ್ಲಿ ಕೇಳಿದವರಿಗೆ ಆಡಿಯೊ ನಿಂತುಹೋಯಿತೆನಿಸಿತು. ಮೈನಸ್ 38ಕ್ಕೆ ಏರಿಸಿದೆವು. ತಿಜೋರಿಯ ಭಾರವೆಲ್ಲ 80 ಹರ್ಟ್ಸಿನಲ್ಲಿತ್ತು, ಪುಟ್ಟ ಸ್ಪೀಕರ್ ಅಷ್ಟು ಕೆಳಗೆ ಇಳಿಯದೆ ಚಿಲಕದ ‘ಕ್ಲಿಕ್’ ಒಂದೇ ಉಳಿಯಿತು. ಇಳಿಸದ ಹಾರೆಯ ಮೂಲ ರೆಕಾರ್ಡಿಂಗನ್ನು 600ರಿಂದ 1,500 ಹರ್ಟ್ಸ್ ನಡುವಿನ ಪಟ್ಟಿಗೆ ಸೋಸಿ, 9 ಡಿಬಿ ತಗ್ಗಿಸಿ, ಎರಡೂ ಕಡೆ ಅಡಿಗೆ ಸೇರಿಸಿದೆವು. ಒಂದು ಕಡೆ ಮಾತ್ರ ಸೇರಿಸಿದರೆ ಎರಡು ಬೇರೆ ತಿಜೋರಿಗಳಾಗುತ್ತವೆ. ಈಗ ಹೋಮ್ಸ್ ಬಾಗಿಲು ಮುಚ್ಚಿದಾಗ ಹೆಲೆನ್‌ಳ ನೆನಪಿನ ಸದ್ದೇ, ಓಣಿಯ ಪ್ರತಿಧ್ವನಿ ಕಳಚಿ, ಹತ್ತಿರದಲ್ಲಿ ಕೇಳುತ್ತದೆ. ಅದಾದ ಮೇಲೆ ಎರಡು ಸೆಕೆಂಡ್ ಯಾರೂ ಮಾತಾಡುವುದಿಲ್ಲ.